ಬಾಗಿಲು ಹಾಕದ ಬೇಸಿಗೆ

ಬಣ್ಣದ ಫಿಲ್ಮು ಬೇಡ, ಕಪ್ಪು-ಬಿಳುಪೇ ಸಾಕು ಎಂದು ಕಂಪನಿಯವರು ಮೊದಲೇ ಹೇಳಿಬಿಟ್ಟಿದ್ದರು. ಬಣ್ಣಕ್ಕೆ ಖರ್ಚು ಜಾಸ್ತಿ. ಈ ಹುಡುಗ ಇನ್ನು ಆರು ತಿಂಗಳು ನಿಲ್ಲುತ್ತಾನೋ ಇಲ್ಲವೋ ಯಾರು ಬಲ್ಲರು? 1956ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆರ್‌ಸಿಎ ವಿಕ್ಟರ್ ರೆಕಾರ್ಡ್ ಕಂಪನಿಯ ಪ್ರಚಾರ ವಿಭಾಗದಿಂದ ಆ್ಯನ್ ಫುಲ್ಚಿನೋ ಫೋನ್ ಮಾಡಿ, ಎಲ್ವಿಸ್ ಪ್ರೆಸ್ಲಿ ಎಂಬ ಗಾಯಕನ ಫೋಟೊ ತೆಗೆಯಬೇಕು ಎಂದಾಗ ಆಲ್ಫ್ರೆಡ್ ವರ್ಥೈಮರ್ ಕೇಳಿದ ಮೊದಲ ಮಾತೇ, ಯಾರು ಈ ಎಲ್ವಿಸ್ ಎಂದು.

ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಮೆರಿಕದ ದಕ್ಷಿಣದ ಊರುಗಳಲ್ಲಿ ಹುಡುಗಿಯರು ಆ ಹೆಸರು ಕೇಳಿದರೆ ಕಿರುಚುತ್ತಿದ್ದರು, ನಿಜ. ಆದರೆ ನ್ಯೂಯಾರ್ಕಿನಲ್ಲಿ ಜಾಜ್ ಕೇಳಿಕೊಂಡು ಓಡಾಡುವ ಫೋಟೊಗ್ರಾಫರ್‌ಗಳ ಕಿವಿಗೆ ಅದಿನ್ನೂ ಬಿದ್ದಿರಲಿಲ್ಲ. ಆರ್‌ಸಿಎ ಅವನನ್ನು ಮೆಂಫಿಸ್‌ನ ಸನ್ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆಯಿಂದ 35 ಸಾವಿರ ಡಾಲರ್ ಕೊಟ್ಟು ಬಿಡಿಸಿಕೊಂಡು ನಾಲ್ಕು ತಿಂಗಳಷ್ಟೇ ಆಗಿತ್ತು. ಹುಡುಗನಿಗೆ ವಯಸ್ಸು 21.

ವರ್ಥೈಮರ್‌ಗೆ 26. ಜರ್ಮನಿಯ ಕೋಬರ್ಗ್ ಎಂಬ ಊರಿನ ಯೆಹೂದಿ ಮನೆಯ ಮಗ. ಹಿಟ್ಲರನ ಕಾಲ, 1936ರಲ್ಲಿ ಮನೆಮಂದಿಯೆಲ್ಲ ಊರು ಬಿಟ್ಟು ಹಡಗು ಹತ್ತಿ ಬ್ರೂಕ್ಲಿನ್ ಸೇರಿದಾಗ ಅವರಿನ್ನೂ ಆರೇಳು ವರ್ಷದ ಹುಡುಗ. ಕೂಪರ್ ಯೂನಿಯನ್ ಕಲಾಶಾಲೆಯಲ್ಲಿ ಓದಿದ್ದು ಜಾಹೀರಾತು ವಿನ್ಯಾಸ, ಕೈ ಹಿಡಿದದ್ದು ಕ್ಯಾಮೆರಾ. ಸೇನೆಯಲ್ಲಿ ಕಡ್ಡಾಯ ಸೇವೆ ಮುಗಿಸಿ ಬಂದು ಟಾಮ್ ಪಲುಂಬೋ ಎಂಬ ಫ್ಯಾಷನ್ ಫೋಟೊಗ್ರಾಫರ್ ಬಳಿ ಸಹಾಯಕರಾಗಿ ದುಡಿದರು. ಆಮೇಲೆ ಸ್ವಂತ ದಾರಿ ಹಿಡಿದಾಗ ಸ್ವಂತದ್ದೊಂದು ಸ್ಟುಡಿಯೊ ಮಾಡಿಕೊಳ್ಳುವಷ್ಟು ದುಡ್ಡೆಲ್ಲಿ? ನಾಲ್ಕಾರು ಗೆಳೆಯರು ಸೇರಿ ಒಂದೇ ಡಾರ್ಕ್‌ರೂಮ್ ಹಂಚಿಕೊಂಡರು. ಅವರಲ್ಲೊಬ್ಬ ಪಾಲ್ ಶುಟ್ಜರ್. ಫುಲ್ಚಿನೋ ಅವರ ಪರಿಚಯ ಮಾಡಿಸಿದ್ದು ಅವನೇ. ಮುಂದೆ ಲೈಫ್ ಪತ್ರಿಕೆಯ ಹೆಸರಾಂತ ಛಾಯಾಗ್ರಾಹಕನಾದ ಈ ಗೆಳೆಯ 1967ರಲ್ಲಿ ಅರಬ್-ಇಸ್ರೇಲ್ ಯುದ್ಧದ ಮೊದಲ ದಿನವೇ ರಣರಂಗದಲ್ಲಿ ಪ್ರಾಣ ಬಿಟ್ಟ.

ಮಾರ್ಚ್ 17ರಂದು ಡಾರ್ಸಿ ಸಹೋದರರ ಟಿವಿ ಕಾರ್ಯಕ್ರಮದಲ್ಲಿ ಎಲ್ವಿಸ್ ಹಾಡುವುದಿತ್ತು. ಕಂಪನಿಗೆ ಬೇಕಿದ್ದದ್ದು ಪತ್ರಿಕೆಗಳಿಗೆ ಹಂಚಲು ಒಂದಷ್ಟು ಚಿತ್ರ. ಹತ್ತಾರು ಕ್ಲಿಕ್ ಹೊಡೆದು ಮನೆಗೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ವರ್ಥೈಮರ್ ಹೋಗಲಿಲ್ಲ. ಹುಡುಗನ ಹಿಂದೆಯೇ ವಾರ್‌ವಿಕ್ ಹೋಟೆಲಿಗೆ ನಡೆದರು, ಕೋಣೆಗೂ ಹೋದರು. ಅಲ್ಲಿ ಎಲ್ವಿಸ್ ಸೋಫಾದ ಮೇಲೆ ಕೂತು ಅಭಿಮಾನಿಗಳ ಕಾಗದ ಓದಿದ, ಓದಿದ್ದನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಚೂರುಚೂರು ಮಾಡಿದ, ಓದುತ್ತ ಓದುತ್ತ ಅಲ್ಲೇ ನಿದ್ದೆ ಹೋದ. ಎದ್ದು ಗಡ್ಡ ಮಾಡಿಕೊಳ್ಳಲು ಬಚ್ಚಲಮನೆಗೆ ಹೊರಟಾಗ, ನಾನೂ ಒಳಗೆ ಬರಲೇ ಎಂದು ಇವರು ಕೇಳಿದರು. ಬನ್ನಿ, ಅದಕ್ಕೇನಂತೆ ಎಂಬ ಉತ್ತರ ಬಂತು.

ಮುಂದೆ ನಡೆದದ್ದಕ್ಕೆಲ್ಲ ಮೂಲ ಆ ಒಪ್ಪಿಗೆ. ಕನ್ನಡಿಯ ಮುಂದೆ ಬರಿಮೈಯಲ್ಲಿ ನಿಂತು, ಕೆನ್ನೆಗೆ ನೊರೆ ಬಳಿದುಕೊಂಡು, ಕೂದಲನ್ನು ಎರಡೆರಡು ಬಾರಿ ಬಾಚಿ ನೋಡಿಕೊಳ್ಳುವ ಹುಡುಗ. ಪಕ್ಕದಲ್ಲೊಬ್ಬ ಮನುಷ್ಯ ಕ್ಯಾಮೆರಾ ಹಿಡಿದು ನಿಂತಿದ್ದಾನೆ ಎಂಬ ಪರಿವೆಯೇ ಅವನ ಮುಖದಲ್ಲಿಲ್ಲ.

ವರ್ಥೈಮರ್ ಕೆಲಸ ಮಾಡುತ್ತಿದ್ದ ರೀತಿಯೂ ಇದಕ್ಕೆ ಕಾರಣ. ಕೊರಳಲ್ಲಿ ಎರಡು ನಿಕಾನ್ ಕ್ಯಾಮೆರಾ ತೂಗುಹಾಕಿಕೊಂಡಿದ್ದರೂ ಫ್ಲ್ಯಾಶ್ ಹೊಡೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹುಮಂದಿ ದೊಡ್ಡ ಬಲ್ಬು ಫಳ್ಳೆನಿಸಿ ಚಿತ್ರ ತೆಗೆಯುತ್ತಿದ್ದ ಕಾಲ ಅದು. ಒಮ್ಮೆ ಫಳ್ಳೆಂದರೆ ಮುಗಿಯಿತು, ಎದುರಿದ್ದವನು ಎಚ್ಚೆತ್ತು ಕುತ್ತಿಗೆ ನೆಟ್ಟಗೆ ಮಾಡಿಕೊಳ್ಳುತ್ತಾನೆ. ಮಂದ ಬೆಳಕನ್ನೂ ಹಿಡಿಯಬಲ್ಲ ಟ್ರೈ-ಎಕ್ಸ್ ಫಿಲ್ಮನ್ನು ಕೊಡಾಕ್ ಕಂಪನಿ ಸಣ್ಣ ಕ್ಯಾಮೆರಾಗಳಿಗೂ ತಂದು ಆಗ ಎರಡು ವರ್ಷವಾಗಿತ್ತು. ಕಿಟಕಿಯ ಬೆಳಕು, ಬಲ್ಬಿನ ಬೆಳಕು, ಏನು ಸಿಕ್ಕಿತೋ ಅದರಲ್ಲೇ ತೆಗೆಯುವ ಹುಚ್ಚು ಹೊಸ ಹುಡುಗರಿಗೆ ಹತ್ತಿತ್ತು. ಸಿಗುವ ಬೆಳಕಿನಲ್ಲಿ ಅಷ್ಟೇ ಅಲ್ಲ, ಸಿಗುವ ಕತ್ತಲಲ್ಲೂ ತೆಗೆಯುತ್ತೇನೆ ಎಂಬರ್ಥದ ಮಾತನ್ನು ವರ್ಥೈಮರ್ ಮುಂದೆ ಸಂದರ್ಶನಗಳಲ್ಲಿ ಹೇಳುತ್ತಿದ್ದರು.

ಬೇಸಿಗೆ ಬಂತು. ನಮ್ಮಲ್ಲಿ ಜುಲೈ ಹತ್ತಿರ ಬಂತೆಂದರೆ ಮಳೆ, ಆಷಾಢದ ಗಾಳಿ. ಅಲ್ಲಿ ಅದು ಕಡುಬೇಸಿಗೆ, ಅಂಗಿ ಬೆನ್ನಿಗಂಟುವ ಸೆಕೆ. ಅಷ್ಟರಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ ದೇಶದ ಒಂದನೇ ಸ್ಥಾನಕ್ಕೇರಿ, ಎಲ್ವಿಸ್ ಯಾರು ಎಂದು ಕೇಳುವವರೇ ಇಲ್ಲವಾಗಿದ್ದರು. ಜೂನ್ 5ರಂದು ಮಿಲ್ಟನ್ ಬರ್ಲ್ ಅವರ ಟಿವಿ ಕಾರ್ಯಕ್ರಮದಲ್ಲಿ ‘ಹೌಂಡ್ ಡಾಗ್’ ಹಾಡುತ್ತ ಅವನು ಸೊಂಟ ಕುಣಿಸಿದ್ದಕ್ಕೆ ಪತ್ರಿಕೆಗಳು, ಪಾದ್ರಿಗಳು, ಹೆತ್ತವರು ಒಟ್ಟಾಗಿ ಮೈಮೇಲೆ ಬಿದ್ದಿದ್ದರು. ಜುಲೈ 1ಕ್ಕೆ ಸ್ಟೀವ್ ಆ್ಯಲನ್ ಕಾರ್ಯಕ್ರಮ. ಅದರ ತಾಲೀಮು ಜೂನ್ 29ಕ್ಕೆ. ವರ್ಥೈಮರ್ ಮತ್ತೆ ಬಂದರು. ಈ ಸಲ ಆರು ದಿನ ಬೆನ್ನು ಬಿಡಲಿಲ್ಲ.

ತಾಲೀಮಿನ ಕೋಣೆಗೆ ಎಲ್ವಿಸ್ ಎಲ್ಲರಿಗಿಂತ ಮೊದಲು ಬಂದು, ಮೂಲೆಯ ಪಿಯಾನೊ ಮುಂದೆ ಒಬ್ಬನೇ ಕೂತು, ಚರ್ಚಿನಲ್ಲಿ ಕಲಿತ ಭಕ್ತಿಗೀತೆಗಳನ್ನು ನುಡಿಸಿಕೊಳ್ಳುತ್ತಿದ್ದ. ಆ ಚಿತ್ರದಲ್ಲಿ ಅವನ ಬೆನ್ನು, ಸುತ್ತ ಖಾಲಿ ಕುರ್ಚಿಗಳು, ಎತ್ತರದ ಕಿಟಕಿಯ ಬೆಳಕು. ದೇಶವೆಲ್ಲ ಸೊಂಟದ ಬಗ್ಗೆ ಚರ್ಚೆ ಮಾಡುತ್ತಿದ್ದ ಹೊತ್ತಿನಲ್ಲಿ ತೆಗೆದ ಚಿತ್ರವಿದು ಎಂದು ನೆನೆದರೆ ಇವತ್ತಿಗೂ ಮನಸ್ಸು ಕಲಕುತ್ತದೆ.

ಅಂದು ರಾತ್ರಿಯೇ ರೈಲು ಹತ್ತಿ ಮರುದಿನ ವರ್ಜೀನಿಯಾದ ರಿಚ್‌ಮಂಡ್. ಮಾಸ್ಕ್ ಥಿಯೇಟರಿನಲ್ಲಿ ಎರಡು ಪ್ರದರ್ಶನ. ಎಲ್ವಿಸ್ ಬೂದು ಸೂಟು, ಹೆಣೆದ ಟೈ, ಬಿಳಿ ಬೂಟು ತೊಟ್ಟಿದ್ದ. ಉಡುಪಿನ ವಿಷಯದಲ್ಲಿ ಅವನದು ಸಣ್ಣಂದಿನ ಆಸೆ. ಮೆಂಫಿಸ್‌ನ ಬೀಲ್ ಬೀದಿಯಲ್ಲಿ ಲ್ಯಾನ್ಸ್ಕಿ ಸಹೋದರರ ಬಟ್ಟೆ ಅಂಗಡಿ. ಕರಿಯ ಸಂಗೀತಗಾರರು ಸೂಟು ಹೊಲಿಸಿಕೊಳ್ಳುತ್ತಿದ್ದ ಜಾಗ. ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ನೋಡಿ ಸೀಟು ತೋರಿಸುವ ಕೆಲಸದಲ್ಲಿದ್ದಾಗ ಈ ಹುಡುಗ ಆ ಅಂಗಡಿಯ ಗಾಜಿಗೆ ಮುಖವಿಟ್ಟು ನಿಲ್ಲುತ್ತಿದ್ದ. ಕೈಗೆ ಕಾಸು ಬಂದ ಮೇಲೆ ಅಲ್ಲೇ ಗಿರಾಕಿಯಾದ. ಬಿಳಿಯರ ಹುಡುಗರು ಯಾರೂ ತೊಡದ ಗುಲಾಬಿ-ಕಪ್ಪು ಜೋಡಿಯನ್ನು ಅವನು ಧೈರ್ಯವಾಗಿ ತೊಟ್ಟದ್ದು ಆ ಬೀದಿಯ ಕೊಡುಗೆ. ಹಾಡೂ ಹಾಗೆಯೇ.

ರಿಚ್‌ಮಂಡಿನಲ್ಲಿ ವೇದಿಕೆಯ ಮೇಲೆ ಬೇರೆ ಕಲಾವಿದರು ಕಾರ್ಯಕ್ರಮ ಕೊಡುತ್ತಿದ್ದಾಗ ಎಲ್ವಿಸ್ ಎಲ್ಲೂ ಕಾಣಲಿಲ್ಲ. ವರ್ಥೈಮರ್ ಹುಡುಕಿಕೊಂಡು ಹಿಂಬದಿಯ ಮೆಟ್ಟಿಲಿಳಿದರು. ಕೆಳಗೆ ಇಕ್ಕಟ್ಟಾದ ಓಣಿ. ಅದರ ತುದಿಯಲ್ಲಿ, ಹೊರಗಿಂದ ಬೀಳುವ ಬೆಳಕಿಗೆ ಅಡ್ಡಲಾಗಿ ಎರಡು ನೆರಳು. ಎಲ್ವಿಸ್, ಅವನ ಜೊತೆ ಅಂದು ಹೋಟೆಲಿನಿಂದ ಬಂದಿದ್ದ ಹುಡುಗಿ.

ಅಲ್ಲಿಂದ ಮುಂದಿನದ್ದನ್ನು ವರ್ಥೈಮರ್ ಸಾಯುವವರೆಗೂ ಹೇಳಿಕೊಂಡಿದ್ದರು, ಕೇಳಿದವರೆಲ್ಲ ಮತ್ತೆ ಕೇಳುತ್ತಿದ್ದರು. ಹತ್ತಿರ ಹೋಗಲೇ ಬೇಡವೇ ಎಂಬ ತಳಮಳ. ಹೋದರೆ ಹುಡುಗ ರೇಗಬಹುದು, ಕೈಗೆ ಬಂದ ಕೆಲಸ ಹೋಗಬಹುದು. ಹೋಗದಿದ್ದರೆ ಚಿತ್ರ ಹೋಗುತ್ತದೆ. ಮೊದಲು ದೂರದಿಂದ ಒಂದು ಕ್ಲಿಕ್. ಇಬ್ಬರೂ ತಿರುಗಲಿಲ್ಲ. ಮೆಟ್ಟಿಲ ಕಂಬಿ ಹತ್ತಿ ಹುಡುಗಿಯ ಮುಖ ಹಿಡಿದರು. ಆಗಲೂ ತಿರುಗಲಿಲ್ಲ. ಆದರೆ ಈ ಬದಿಯಿಂದ ಬೆಳಕು ಸರಿಯಿಲ್ಲ, ಆ ಬದಿಗೆ ಹೋಗಬೇಕು, ದಾರಿಗೆ ಅವರಿಬ್ಬರೇ ಅಡ್ಡ. ಕೊನೆಗೆ ಕಟ್ಟಡ ರಿಪೇರಿಯವರ ಗತ್ತಿನಲ್ಲಿ, ಸ್ವಲ್ಪ ದಾರಿ ಬಿಡಿ ಎನ್ನುತ್ತ ಅವರಿಬ್ಬರನ್ನು ಸವರಿಕೊಂಡೇ ದಾಟಿದರು. ಅವರು ಜಾಗ ಬಿಟ್ಟರು, ತಲೆ ಎತ್ತಿ ನೋಡಲಿಲ್ಲ.

ನನಗೆ ಮುತ್ತು ಕೊಡುವುದು ನಿನ್ನ ಕೈಲಾಗದು ಎಂದು ಹುಡುಗಿ ನಾಲಗೆ ತುದಿ ಹೊರಚಾಚಿ ಕೆಣಕಿದಳು. ಆಗುತ್ತದೆ ಎಂದ ಇವನು. ಮೊದಲ ಸಲ ಮೂಗಿಗೆ ಮೂಗು ತಾಗಿತು. ಎರಡನೆಯ ಸಲ ಅವನೂ ನಾಲಗೆ ಚಾಚಿದ, ಎರಡು ತುದಿಗಳು ತಾಗಿದವು. ಕ್ಲಿಕ್.

ಆ ಚಿತ್ರವನ್ನು ಎಷ್ಟು ನೋಡಿದರೂ ಕಣ್ಣಿಗೆ ಬೀಳುವುದು ಅದರ ಹುಡುಗಾಟ.  ಗೆದ್ದವಳು ತಾನೇ ಎಂಬಂತೆ ಹುಡುಗಿ ನಿಂತಿದ್ದಾಳೆ. ಅವಳು ಯಾರೆಂದು ಲೋಕಕ್ಕೆ ತಿಳಿದದ್ದು 55 ವರ್ಷಗಳ ನಂತರ, 2011ರಲ್ಲಿ. ಅಷ್ಟೂ ಕಾಲ ಅವಳು ಪೋಸ್ಟರುಗಳಲ್ಲಿ ಹೆಸರಿಲ್ಲದ ಹುಡುಗಿಯಾಗಿಯೇ ಉಳಿದಿದ್ದಳು; ಹೆಸರು ಕೇಳಿ ಬರೆದುಕೊಳ್ಳಬೇಕು ಎಂದು ಅವತ್ತು ವರ್ಥೈಮರ್‌ಗೆ ಹೊಳೆಯಲಿಲ್ಲ.

ಮರುದಿನ ನ್ಯೂಯಾರ್ಕ್. ಸ್ಟೀವ್ ಆ್ಯಲನ್ ಕಾರ್ಯಕ್ರಮದಲ್ಲಿ ಎಲ್ವಿಸ್‌ಗೆ ಬಾಲದ ಕೋಟು ತೊಡಿಸಿ, ಎದುರಿಗೊಂದು ನಾಯಿ ಕೂರಿಸಿ, ನಾಯಿಯ ತಲೆಗೆ ಎತ್ತರದ ಟೋಪಿ ಇಟ್ಟು, ಅದಕ್ಕೇ ‘ಹೌಂಡ್ ಡಾಗ್’ ಹಾಡಿಸಿದರು. ಸೊಂಟ ಕುಣಿಸದಂತೆ ಕಟ್ಟಿಹಾಕುವ ಉಪಾಯ. ನೋಡುಗರು ನಕ್ಕರು. ಅವನು ನಾಯಿಯ ಕೊರಳು ಸವರಿ, ಮುಖ ಕೆಡಿಸಿಕೊಳ್ಳದೆ ಹಾಡಿ ಮುಗಿಸಿದ.

ಸೇಡು ತೀರಿದ್ದು ಜುಲೈ 2ರಂದು, 24ನೇ ಬೀದಿಯ ಆರ್‌ಸಿಎ ಸ್ಟುಡಿಯೊದಲ್ಲಿ. ಹೊರಗೆ ನಿಜವಾದ ಎಲ್ವಿಸ್ ಬೇಕು ಎಂದು ಬೋರ್ಡು ಹಿಡಿದ ಹುಡುಗ-ಹುಡುಗಿಯರು. ಒಳಗೆ ಗಿಟಾರಿಗೆ ಸ್ಕಾಟಿ ಮೂರ್, ಬಾಸ್‌ಗೆ ಬಿಲ್ ಬ್ಲ್ಯಾಕ್, ಡ್ರಮ್ಸಿಗೆ ಡಿ.ಜೆ. ಫೊಂಟಾನಾ, ಹಿನ್ನೆಲೆಗೆ ಜೋರ್ಡನೇರ್ಸ್ ಗಾಯಕರು. ಮೂರ್ ಮತ್ತು ಬ್ಲ್ಯಾಕ್ ಅವನ ಮೊದಲ ರೆಕಾರ್ಡಿನಿಂದಲೂ ಜೊತೆಗಿದ್ದವರು, ಕಾರಿನ ಮೇಲೆ ಬಾಸ್ ಕಟ್ಟಿಕೊಂಡು ಊರೂರು ತಿರುಗಿದ ಗೆಳೆಯರು. ಕೂತಿದ್ದವರು ಕಂಪನಿಯ ದೊಡ್ಡವರೇ ಆದರೂ ಹಾಡು ಹೇಗಿರಬೇಕು ಎಂದು ತೀರ್ಮಾನಿಸಿದ್ದು 21ರ ಹುಡುಗ. ‘ಹೌಂಡ್ ಡಾಗ್’ ಅನ್ನು ಒಂದು ಸಲ ಹಾಡಿದ, ಸರಿಬರಲಿಲ್ಲ. ಹತ್ತು ಸಲ. ಇಪ್ಪತ್ತು ಸಲ. ಇದು ಚೆನ್ನಾಗಿದೆ ಎಂದು ಕಂಪನಿಯವರಿಗೆ ಅನ್ನಿಸಿದ ಮೇಲೂ ಇನ್ನೊಂದು ಸಲ ಎಂದ. 31 ಟೇಕ್ ಆಯಿತು.

ಆಮೇಲೆ ಧ್ವನಿಮುದ್ರಣವನ್ನು ಮತ್ತೆ ಕೇಳಿಸಿದಾಗ ಅವನು ಕುರ್ಚಿ ಬಿಟ್ಟು ನೆಲದಲ್ಲಿ, ಸ್ಪೀಕರಿನ ಎದುರಿಗೇ ಕುಕ್ಕರಗಾಲಲ್ಲಿ ಕೂತ. ಗದ್ದಕ್ಕೆ ಕೈಕೊಟ್ಟ. ಸ್ವಲ್ಪ ಹೊತ್ತಿಗೆ ಕೂತ ಭಂಗಿ ಬದಲಿಸಿದ. ಒಂದೇ ವಸ್ತುವನ್ನು ಬೇರೆ ಬೇರೆ ಕೋನದಿಂದ ನೋಡುವ ತಮ್ಮ ಕಸುಬೇ ವರ್ಥೈಮರ್‌ಗೆ ಅಲ್ಲಿ ಕಂಡಿತು. ಅದೇ ದಿನ ‘ಡೋಂಟ್ ಬಿ ಕ್ರೂಯೆಲ್’ 28 ಟೇಕ್ ತೆಗೆದುಕೊಂಡಿತು. ಒಂದೇ ತಟ್ಟೆಯ ಎರಡು ಬದಿಗಳಲ್ಲಿ ಬಂದ ಈ ಎರಡು ಹಾಡುಗಳು ಆ ವರ್ಷ ಹನ್ನೊಂದು ವಾರ ಒಂದನೇ ಸ್ಥಾನದಲ್ಲಿ ನಿಂತವು.

ಎರಡೂ ಹಾಡುಗಳ ಹಿಂದೆ ಕರಿಯರಿದ್ದಾರೆ. ‘ಹೌಂಡ್ ಡಾಗ್’ ಅನ್ನು 1952ರಲ್ಲೇ ಮೊದಲು ಹಾಡಿ ಧ್ವನಿಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್. ಅದು ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದರೂ ಅವರ ಕೈಗೆ ಬಂದ ಹಣ ಅಲ್ಪ. ‘ಡೋಂಟ್ ಬಿ ಕ್ರೂಯೆಲ್’ ಬರೆದ ಓಟಿಸ್ ಬ್ಲ್ಯಾಕ್‌ವೆಲ್, ವರ್ಥೈಮರ್ ಬೆಳೆದ ಅದೇ ಬ್ರೂಕ್ಲಿನ್ನಿನವರು. ಆ ಬೇಸಿಗೆಯ ಚಿತ್ರಗಳಲ್ಲಿ ಇವರ ಮುಖಗಳಿಲ್ಲ. ಆದರೆ ಮರುದಿನ ಹೊರಟ ರೈಲಿನ ದಾರಿಯಲ್ಲಿ ತೆಗೆದ ಒಂದು ಚಿತ್ರ, ಇವರಿದ್ದ ಅಮೆರಿಕವನ್ನು ಪೂರ್ತಿ ಕಣ್ಣೆದುರು ಇಡುತ್ತದೆ.

ನ್ಯೂಯಾರ್ಕಿನಿಂದ ಮೆಂಫಿಸ್‌ಗೆ ಒಂದು ಹಗಲು-ರಾತ್ರಿಗೂ ಮೀರಿದ ಪ್ರಯಾಣ. ಬೋಗಿಯಲ್ಲಿ ಮ್ಯಾನೇಜರ್ ಟಾಮ್ ಪಾರ್ಕರ್, ತಾಯಿಯ ಕಡೆಯ ನೆಂಟ ಜೂನಿಯರ್ ಸ್ಮಿತ್, ಆಳೆತ್ತರದ ಪಾಂಡಾ ಗೊಂಬೆಯೊಂದು. ಎಲ್ವಿಸ್ ಪಾಂಡಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋಗಿಯುದ್ದಕ್ಕೂ ನಡೆದು ಹುಡುಗಿಯರನ್ನು ನಗಿಸುತ್ತಿದ್ದ. ಬೇಜಾರಾದರೆ ಕೈಪೆಟ್ಟಿಗೆಯಂಥ ರೆಕಾರ್ಡ್ ಪ್ಲೇಯರ್ ತೆರೆದು, ಹಿಂದಿನ ದಿನ ಹಾಡಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ.

ಜುಲೈ 4ರಂದು ಚಟನೂಗ ನಿಲ್ದಾಣದಲ್ಲಿ ರೈಲು ಬದಲಿಸಬೇಕಿತ್ತು. ತಿಂಡಿ ಕಟ್ಟೆಯ ಮುಂದೆ ಎಲ್ವಿಸ್ ತನ್ನ ತಿಂಡಿಗಾಗಿ ಕಾಯುತ್ತಿದ್ದಾನೆ. ಚಿತ್ರದ ಮುನ್ನೆಲೆಯಲ್ಲಿ ಒಬ್ಬ ಕರಿಯ ಹೆಂಗಸು. ಅವರೂ ತಮ್ಮ ಸ್ಯಾಂಡ್‌ವಿಚ್‌ಗಾಗಿ ಕಾಯುತ್ತಿದ್ದಾರೆ. ಅವರು ದುಡ್ಡು ಕೊಟ್ಟು ಕೊಳ್ಳಬಹುದು, ಅಲ್ಲಿ ಕೂತು ತಿನ್ನುವಂತಿಲ್ಲ. ಇಬ್ಬರ ನಡುವೆ ಮೂರು ಮಾರು ಜಾಗವೂ ಇಲ್ಲ. ಅಲಬಾಮಾದ ಮಾಂಟ್ಗಮರಿಯಲ್ಲಿ ಕರಿಯರು ಏಳು ತಿಂಗಳಿಂದ ಬಸ್ ಹತ್ತದೆ ಕಾಲ್ನಡಿಗೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದ ಬೇಸಿಗೆ ಅದು. ಇದೇ ಚಟನೂಗದ ಶಾಲಾ ಮಕ್ಕಳು ಇಂಥ ತಿಂಡಿ ಕಟ್ಟೆಗಳ ಮುಂದೆ ಕೂತು ಪ್ರತಿಭಟಿಸಿದ್ದು 1960ರಲ್ಲಿ. ಅಸ್ಪೃಶ್ಯತೆಯ ಹೋಟೆಲುಗಳನ್ನು, ಬೇರೆ ಲೋಟಗಳನ್ನು ಬಲ್ಲ ನಮಗೆ ಆ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವರ್ಥೈಮರ್‌ರ ಇಡೀ ರಾಶಿಯಲ್ಲಿ ಮುತ್ತಿನ ಚಿತ್ರಕ್ಕಿಂತ ದೊಡ್ಡದು ಇದು.

ಮೆಂಫಿಸ್‌ನ ಆಡುಬಾನ್ ಡ್ರೈವ್‌ನಲ್ಲಿ 1034 ನಂಬರಿನ ಮನೆ. ‘ಹಾರ್ಟ್‌ಬ್ರೇಕ್ ಹೋಟೆಲ್’ ದುಡ್ಡಿನಲ್ಲಿ ಕೊಂಡದ್ದು. ಅಂಗಳದಲ್ಲಿ ಹೊಸ ಈಜುಕೊಳ, ಅದಕ್ಕೆ ನೀರು ತುಂಬುವ ವ್ಯವಸ್ಥೆ ಇನ್ನೂ ಸರಿಹೋಗಿರಲಿಲ್ಲ. ಅಡುಗೆಮನೆಯ ನಲ್ಲಿಗೆ ತೋಟದ ಪೈಪು ಸಿಕ್ಕಿಸಿ ನೀರು ಬಿಟ್ಟಿದ್ದರು. ಸೊಂಟದ ಮಟ್ಟಕ್ಕೂ ಬಾರದ ಆ ನೀರಿಗೇ ಎಲ್ವಿಸ್ ಮತ್ತು ನೆಂಟರ ಹುಡುಗರು ಧುಮುಕಿ ಕೂಗಾಡಿದರು. ತಾಯಿ ಗ್ಲ್ಯಾಡಿಸ್ ಮಗನಿಗೆ ಒಗೆದ ಬಟ್ಟೆ ತಂದುಕೊಟ್ಟರು. ಅವನು ಹಾರ್ಲೆ-ಡೇವಿಡ್‌ಸನ್ ಬೈಕ್ ಹೊರತೆಗೆದು ವರ್ಥೈಮರ್‌ರನ್ನೂ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ. ಬೇಲಿಯಾಚೆ ಅಭಿಮಾನಿಗಳು ನಿಂತಿದ್ದರು. ಗೇಟು ಇನ್ನೂ ಕಟ್ಟಿಸಿರಲಿಲ್ಲವೇನೋ ಎಂಬಂತೆ ಜನ ಒಳಗೂ ಬಂದು ಮಾತಾಡಿಸಿಕೊಂಡು ಹೋಗುತ್ತಿದ್ದರು.

ಅಂದು ರಾತ್ರಿ ರಸ್‌ವುಡ್ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಸಾವಿರಾರು ಜನ. ನ್ಯೂಯಾರ್ಕಿನವರು ನನ್ನನ್ನು ಬದಲಿಸಲಾರರು ಎಂದು ಊರಿನ ಜನಕ್ಕೆ ಮಾತು ಕೊಟ್ಟು ಅವನು ಹಾಡಿಗಿಳಿದ. ವರ್ಥೈಮರ್ ಅವನ ಹಿಂಬದಿಯಿಂದ ಜನರ ಕಡೆಗೆ ಕ್ಯಾಮೆರಾ ಹಿಡಿದಿದ್ದರು. ಅವರು ಗುಂಡಿ ಒತ್ತಿದ ಗಳಿಗೆಗೇ ಕತ್ತಲಲ್ಲಿ ಯಾರೋ ಅಭಿಮಾನಿಯ ಫ್ಲ್ಯಾಶ್ ಫಳ್ಳೆಂದು, ಎಲ್ವಿಸ್‌ನ ಆಕೃತಿಯ ಎದುರು ನಕ್ಷತ್ರ ಸಿಡಿದಂತೆ ಕಂಡಿತು. ತಮ್ಮ ಫ್ಲ್ಯಾಶ್ ಬೇಡವೆಂದವರಿಗೆ ಯಾರದೋ ಫ್ಲ್ಯಾಶ್ ಒದಗಿತು.

ಅಲ್ಲಿಗೆ ಬೇಸಿಗೆ ಮುಗಿಯಿತು. ಮ್ಯಾನೇಜರ್ ಪಾರ್ಕರ್ ಬಿಗಿ ಮಾಡುತ್ತ ಹೋದರು. ಯಾರು ಹತ್ತಿರ ಬರಬೇಕು, ಎಷ್ಟು ನಿಮಿಷ ಇರಬೇಕು, ಎಲ್ಲದಕ್ಕೂ ಲೆಕ್ಕ ಬಂತು. ಬಚ್ಚಲಮನೆಯವರೆಗೆ ಫೋಟೊಗ್ರಾಫರ್ ಹೋಗುವ ಕಾಲ ಮತ್ತೆ ಬರಲಿಲ್ಲ. ವರ್ಥೈಮರ್ ಇನ್ನೊಮ್ಮೆ ಅವನ ಚಿತ್ರ ತೆಗೆದದ್ದು 1958ರ ಸೆಪ್ಟೆಂಬರ್ 22ರಂದು, ಬ್ರೂಕ್ಲಿನ್ ಬಂದರಿನಲ್ಲಿ. ತಲೆ ಬೋಳಿಸಿದಂತೆ ಕತ್ತರಿಸಿದ ಕೂದಲು, ಸಿಪಾಯಿಯ ಸಮವಸ್ತ್ರ, ಸುತ್ತ ಪತ್ರಕರ್ತರ ಗುಂಪು. ಹಡಗು ಹೊರಟಿದ್ದು ಜರ್ಮನಿಗೆ. ವರ್ಥೈಮರ್ ಮನೆಯವರು 22 ವರ್ಷಗಳ ಹಿಂದೆ ಜೀವ ಉಳಿಸಿಕೊಳ್ಳಲು ಬಿಟ್ಟು ಬಂದ ದೇಶ.

ನೆಗೆಟಿವ್‌ಗಳು ಪೆಟ್ಟಿಗೆ ಸೇರಿದವು. ವರ್ಥೈಮರ್ ಚಲನಚಿತ್ರ ಛಾಯಾಗ್ರಹಣಕ್ಕೆ ಹೊರಳಿದರು. 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಪ್ರಸಿದ್ಧ ಸಾಕ್ಷ್ಯಚಿತ್ರದ ಮುಖ್ಯ ಛಾಯಾಗ್ರಾಹಕರಲ್ಲಿ ಅವರೂ ಒಬ್ಬರು. ಆ 1956ರ ಚಿತ್ರಗಳನ್ನು ಕೇಳಿ ಹತ್ತೊಂಬತ್ತು ವರ್ಷ ಯಾರೂ ಬರಲಿಲ್ಲ. 1977ರ ಆಗಸ್ಟ್ 16ರಂದು ಎಲ್ವಿಸ್ ತೀರಿಕೊಂಡ ಸುದ್ದಿ ಬಂತು; ಅವರ ಮನೆಯ ಫೋನು ಗಣಗಣಿಸತೊಡಗಿತು. 1979ರಲ್ಲಿ ಪುಸ್ತಕವಾಯಿತು. 2010ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಆ ಚಿತ್ರಗಳನ್ನು ಆಳೆತ್ತರಕ್ಕೆ ಮುದ್ರಿಸಿ ದೇಶದ ಊರೂರಿಗೆ ಕೊಂಡೊಯ್ದಿತು. ಬಣ್ಣಕ್ಕೆ ಖರ್ಚು ಮಾಡದೆ ಉಳಿದ ಆ ಕಪ್ಪು-ಬಿಳುಪಿನ ಎದುರು ಜನ ಗಂಟೆಗಟ್ಟಲೆ ನಿಂತರು. 2014ರ ಅಕ್ಟೋಬರ್‌ನಲ್ಲಿ, 84ರ ವಯಸ್ಸಿನಲ್ಲಿ ವರ್ಥೈಮರ್ ನ್ಯೂಯಾರ್ಕಿನಲ್ಲಿ ಕಣ್ಮುಚ್ಚಿದರು.

ಆ ರಾಶಿಯಲ್ಲಿ ರೈಲಿನಿಂದ ತೆಗೆದ ಇನ್ನೊಂದು ಚಿತ್ರವಿದೆ. ಮೆಂಫಿಸ್ ಇನ್ನೇನು ಬಂತು ಅನ್ನುವಾಗ ವೈಟ್ ಎಂಬ ಸಣ್ಣ ನಿಲ್ದಾಣ. ಎಲ್ವಿಸ್ ಮನೆಗೆ ಅಲ್ಲಿಂದಲೇ ಹತ್ತಿರ. ರೈಲು ನಿಂತಿತು, ಅವನು ಇಳಿದ. ಜೊತೆಗೆ ಯಾರೂ ಇಲ್ಲ, ಪೆಟ್ಟಿಗೆ-ಗಂಟು ಏನೂ ಇಲ್ಲ. ಸೂಟು, ಟೈ, ಬಿಳಿ ಬೂಟು. ಹುಲ್ಲು ಬೆಳೆದ ಬಯಲಲ್ಲಿ ಮನೆಯ ಕಡೆ ನಡೆಯುತ್ತ, ಒಮ್ಮೆ ಹಿಂದಿರುಗಿ ರೈಲಿನತ್ತ ಕೈ ಬೀಸಿದ. ವರ್ಥೈಮರ್ ಬೋಗಿಯಿಂದಲೇ ಅದನ್ನು ತೆಗೆದುಕೊಂಡರು. ರೈಲು ಹೊರಟಿತು.